ಶಾಂತವ್ವನ ರೊಟ್ಟಿಗಂಟು

ಕೆಲಸ ಕೇಳಿಕೊಂಡು ಬಂದ ಹೆಂಗಸರ ಊರು ಕೇರಿ ವಿಚಾರಿಸುವ ಮೊದಲು ಶಾಂತವ್ವ ಅವರ ಕೈ ನೋಡುತ್ತಿದ್ದರು. ಬಂದವರು ಮುಷ್ಟಿ ಕಟ್ಟಿ ಮುಂದೆ ಚಾಚಬೇಕು. ಶಾಂತವ್ವ ಬೆರಳ ಬುಡದ ಗೆಣ್ಣುಗಳ ಮೇಲೆ ಹೆಬ್ಬೆರಳು ಆಡಿಸಿ, “ಕೈ ಇನ್ನೂ ಹಣ್ಣಾಗಿಲ್ಲವ್ವಾ. ಇರ್ಲಿ, ನಾಳಿಂದ ಬಾ” ಅನ್ನುತ್ತಿದ್ದರು. ಹಣ್ಣಾದ ಕೈ ಹೇಗಿರುತ್ತದೆ ಎಂದು ತೋರಿಸಲು ಆಮೇಲೆ ತಮ್ಮದೇ ಮುಷ್ಟಿ ಹಿಡಿಯುತ್ತಿದ್ದರು. ಎರಡೂ ಕೈಗಳ ಗೆಣ್ಣಿನ ಮೇಲೆ ಕಡಲೆಕಾಳಿನ ಗಾತ್ರದ ಗಟ್ಟಿ ಗಂಟುಗಳು. ನೋವಿಲ್ಲ, ಕೆಂಪಿಲ್ಲ. ಬೆರಳು ಮಡಚಿದರೆ ಚರ್ಮದಡಿಯ ನರದ ಜೊತೆ ತಾವೂ ಮೆಲ್ಲಗೆ ಸರಿಯುತ್ತವೆ.

“ಇದು ರೊಟ್ಟಿಗಂಟು. ನಮ್ಮಪ್ಪನ ಅವ್ವಗ ಇತ್ತು, ನಮ್ಮ ಸೋದರತ್ತಿಗೆ ಇತ್ತು, ನನಗ ಐತಿ. ರೊಟ್ಟಿ ಬಡದು ಬಡದು ಬರೂದಿದು. ಕೇಳಿದ್ರ ಸಿಗೂದಿಲ್ಲ.”

ವಿಜಯನಗರದ ಮಾರೇನಹಳ್ಳಿಯ ಒಳರಸ್ತೆಯಲ್ಲಿ ಶಾಂತವ್ವನವರ ರೊಟ್ಟಿಮನೆ ಇದೆ. ಬೋರ್ಡು ಇಲ್ಲ, ಬೇಕಾಗಿಯೂ ಇಲ್ಲ. ರಸ್ತೆಯ ತುದಿಗೆ ನಿಂತರೆ ಎಂಟು ಒಲೆಗಳ ಮುಂದೆ ಕೂತವರ ಅಂಗೈ ಸದ್ದು ದಾರಿ ಹೇಳುತ್ತದೆ. ಇಲ್ಲಿಂದ ಬಿಸಿರೊಟ್ಟಿ ರಾಜಾಜಿನಗರದ ಖಾನಾವಳಿಗಳಿಗೆ, ಖಡಕ್ ರೊಟ್ಟಿ ಬಸವೇಶ್ವರನಗರದ ಮದುವೆ ಮನೆಗಳಿಗೆ, ಡಬ್ಬಿಗಳಲ್ಲಿ ಕೆಂಗೇರಿಯ ಹಾಸ್ಟೆಲುಗಳಿಗೆ ಹೋಗುತ್ತವೆ.

ಶಾಂತವ್ವ ಗದಗ ಜಿಲ್ಲೆಯ ರೋಣದ ಕಡೆಯವರು. ಮದುವೆಯಾಗಿ ಬೆಂಗಳೂರಿಗೆ ಬಂದಾಗ ಗಂಡ ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಕಾರ್ಖಾನೆ ಬಾಗಿಲು ಹಾಕಿದ ಮೇಲೆ ಅವರು ಊರಿನ ಹೊಲ ನೋಡಿಕೊಳ್ಳಲು ಹೋದರು; ಅಲ್ಲಿಂದ ಜೋಳ ಕಳಿಸುತ್ತಾರೆ, ಹಬ್ಬಕ್ಕೆ ಬರುತ್ತಾರೆ. ಶಾಂತವ್ವ ಮನೆಯ ಮುಂದಿನ ಶೀಟಿನಡಿ ಒಂದು ಒಲೆ ಹೂಡಿದರು. ಅತ್ತಿಗುಪ್ಪೆಯಲ್ಲಿ ರೂಮು ಮಾಡಿಕೊಂಡಿದ್ದ ಉತ್ತರ ಕರ್ನಾಟಕದ ಕಾರಕೂನರು ಮೊದಲ ಗಿರಾಕಿಗಳು. ತಮ್ಮ ಸೋಮಲಿಂಗಪ್ಪ ಲೂನಾ ಮೇಲೆ ಬುಟ್ಟಿ ಕಟ್ಟಿಕೊಂಡು ಮನೆ ಮನೆಗೆ ಮುಟ್ಟಿಸುತ್ತಿದ್ದ. ಒಂದು ಒಲೆ ಎಂಟಾಗುವ ಹೊತ್ತಿಗೆ ಲೂನಾ ಹೋಗಿ ಟೆಂಪೊ ಬಂದಿತ್ತು.

ಸೋಮಲಿಂಗಪ್ಪ ಜೀವನದಲ್ಲಿ ಒಂದು ರೊಟ್ಟಿಯನ್ನೂ ಬಡಿದವನಲ್ಲ. ಆದರೂ ಅವನ ಗೆಣ್ಣುಗಳ ಮೇಲೆ ಅಕ್ಕನಿಗಿಂತ ದೊಡ್ಡ ಗಂಟುಗಳಿದ್ದವು. “ಅಕ್ಕ ಬಡದದ್ದು ತಿಂದು ತಿಂದು ಬಂದಾವು” ಎಂದು ಅವನು ನಗಿಸುತ್ತಿದ್ದ. ಒಂದು ಮಧ್ಯಾಹ್ನ ಊಟವಾದ ಮೇಲೆ ಎದೆ ಹಿಡಿದುಕೊಂಡು ಕೂತ. ಗ್ಯಾಸು ಅಂದ. ಸೋಡಾ ತರಿಸಿ ಕುಡಿದ. ಶಾಂತವ್ವನ ಮಗ ಗಿರಿರಾಜ್ ಅವನನ್ನು ಟೆಂಪೊದಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಒಯ್ದ. ಅಷ್ಟರಲ್ಲಿ ಮುಗಿದಿತ್ತು. ಸೋಮಲಿಂಗಪ್ಪನಿಗೆ ನಲವತ್ತೆರಡು. ಅವನ ಅಪ್ಪನೂ ಅದೇ ವಯಸ್ಸಿನಲ್ಲಿ, ಹೊಲದ ಬದುವಿನ ಮೇಲೆ ಕೂತಲ್ಲೇ ಹೋಗಿದ್ದರು. ನೆಂಟರು ಅಪ್ಪನದಕ್ಕೆ ಬಿಸಿಲು ಅಂದರು, ಮಗನದಕ್ಕೆ ಬಿಸಿನೆಸ್ ಟೆನ್ಷನ್ ಅಂದರು. ಶಾಂತವ್ವ ಎರಡನ್ನೂ ನಂಬಿದ್ದರು, ಎರಡು ವರ್ಷದ ಹಿಂದಿನವರೆಗೆ.

ಆ ವರ್ಷ ಶ್ರಾವಣದಲ್ಲಿ ಕುದಿಯುವ ಎಸರಿನ ಪಾತ್ರೆ ಕೈ ಜಾರಿತು. ಜೋಳದ ಹಿಟ್ಟಿಗೆ ಮೊದಲು ಬೀಳುವುದು ಈ ಎಸರು, ಅಂದರೆ ಕುದಿನೀರು. ಅದಿಲ್ಲದೆ ಹಿಟ್ಟು ಒಂದಾಗುವುದಿಲ್ಲ. ಶಾಂತವ್ವನ ಬಲಗೈ ಮೇಲೆ ಬೊಬ್ಬೆ ಎದ್ದಿತು. ಸೊಸೆ ಅನಘಾ ಬ್ಯಾಂಕಿಗೆ ರಜೆ ಹಾಕಿ, ಎರಡು ರಸ್ತೆ ಆಚೆಯ ಡಾಕ್ಟರ್ ಸೀತಾ ಅವರ ಕ್ಲಿನಿಕ್ಕಿಗೆ ಕರೆದೊಯ್ದಳು. ಸೀತಾ ಚನ್ನಪಟ್ಟಣದ ಕಡೆಯವರು, ಮಾತು ಕಡಿಮೆ. ಮುಲಾಮು ಹಚ್ಚುತ್ತಿದ್ದವರು ಕೈ ನಿಲ್ಲಿಸಿದರು.

“ಇದೇನಮ್ಮಾ ಗೆಣ್ಣ ಮೇಲೆ?”

“ರೊಟ್ಟಿಗಂಟ್ರೀ.”

“ಅಂದ್ರೆ?”

“ರೊಟ್ಟಿ ಬಡಿಯೋರಿಗೆ ಬರ್ತಾವ್ರಿ. ನಿಮ್ಮ ಕಡೆ ಮುದ್ದಿ ತಿರುವೋರಿಗೆ ಏನ್ ಬರ್ತಾವೋ ನನಗ ಗೊತ್ತಿಲ್ಲ.”

“ನಮ್ಮಮ್ಮ ಮದುವೆ ಆದಾಗಿಂದ ಮುದ್ದೆ ತಿರುವ್ತಾ ಇದಾರೆ. ಬೈಗುಳ ಬಿಟ್ರೆ ಏನೂ ಬಂದಿಲ್ಲ.” ಸೀತಾ ಕುರ್ಚಿ ಎಳೆದುಕೊಂಡರು. “ಕಾಲು ತೋರ್ಸಿ.”

ಸುಟ್ಟದ್ದು ಕೈ, ಕಾಲು ಯಾಕೆ ಎಂದು ಶಾಂತವ್ವ ಸೊಸೆಯ ಮುಖ ನೋಡಿದರು. ಸೀತಾ ಹಿಮ್ಮಡಿಯ ಮೇಲಿನ ದಪ್ಪ ನರವನ್ನು ಎರಡು ಬೆರಳಲ್ಲಿ ಹಿಡಿದು ಮೇಲಕ್ಕೂ ಕೆಳಕ್ಕೂ ಸವರಿದರು. ಅಲ್ಲಿಯೂ ಉಬ್ಬು, ಅಲ್ಲಿಯೂ ಗಂಟು.

“ಕಾಲಲ್ಲೂ ರೊಟ್ಟಿ ಬಡಿತೀರಾ?”

ಶಾಂತವ್ವ ಸೀರೆಯ ಅಂಚನ್ನು ಕಾಲ ಮೇಲೆ ಎಳೆದುಕೊಂಡರು.

ಮನೆಯಲ್ಲಿ ಯಾರು ಹೇಗೆ ತೀರಿಕೊಂಡರು ಎಂದು ಸೀತಾ ವಿಚಾರಿಸಿದರು. ರಕ್ತ ತೆಗೆಸಿದರು. ನೂರರೊಳಗೆ ಇರಬೇಕಾದ ಕೆಟ್ಟ ಕೊಲೆಸ್ಟ್ರಾಲ್ ಮುನ್ನೂರರ ಹತ್ತಿರ ಇತ್ತು.

“ನಮ್ಮ ಮನ್ಯಾಗ ತತ್ತಿ ಸಹಿತ ಹೊಸ್ತಿಲ ದಾಟೂದಿಲ್ರೀ” ಎಂದು ಶಾಂತವ್ವ ಜೋರಾಗಿಯೇ ಹೇಳಿದರು. “ಲಿಂಗ ಕಟ್ಟಿಕೊಂಡ ಮನಿ ನಮ್ಮದು. ಯಾರದೋ ರಕ್ತ ಅದಲುಬದಲು ಆಗೇತಿ.”

“ನೀವು ತಿಂದಿದ್ದರಿಂದ ಬಂದಿದ್ದಲ್ಲಮ್ಮ. ಹುಟ್ಟುವಾಗಲೇ ತಂದಿದ್ದು.” ಸೀತಾ ಸಾವಕಾಶವಾಗಿ ವಿವರಿಸಿದರು. ರಕ್ತದಲ್ಲಿ ಓಡಾಡುವ ಕೊಬ್ಬನ್ನು ಒಳಗೆಳೆದುಕೊಳ್ಳಲು ಲಿವರಿನ ಮೇಲೆ ಬಾಗಿಲುಗಳಿರುತ್ತವೆ. ಬಾಗಿಲು ಹೇಗೆ ಕಟ್ಟಬೇಕು ಎಂದು ಹೇಳುವ ಜೀನ್ ಅಪ್ಪನಿಂದ ಒಂದು, ಅಮ್ಮನಿಂದ ಒಂದು ಬರುತ್ತದೆ. ಒಂದರಲ್ಲಿ ಸಣ್ಣ ವ್ಯತ್ಯಾಸವಿದ್ದರೂ ಸುಮಾರು ಅರ್ಧ ಬಾಗಿಲುಗಳು ಕೆಲಸಕ್ಕೆ ಬರುವುದಿಲ್ಲ. ಒಳಗೆ ಹೋಗಲಾರದ ಕೊಬ್ಬು ಹುಟ್ಟಿದಂದಿನಿಂದ ರಕ್ತದಲ್ಲೇ ಸುತ್ತುತ್ತಾ, ಸ್ನಾಯುವನ್ನು ಮೂಳೆಗೆ ಬಿಗಿಯುವ ಈ ನರಗಳಲ್ಲಿ ಗಂಟಾಗಿ ಕೂರುತ್ತದೆ, ಹೃದಯದ ರಕ್ತನಾಳದಲ್ಲಿ ಪದರವಾಗಿ ಕೂರುತ್ತದೆ. ಗಂಡಸರಲ್ಲಿ ಬೇಗ ತೊಂದರೆ ಕೊಡುತ್ತದೆ, ಹೆಂಗಸರಲ್ಲಿ ಸಾಮಾನ್ಯವಾಗಿ ತಡವಾಗಿ.

“ಮಕ್ಕಳೆಷ್ಟು ನಿಮಗೆ?”

“ಒಬ್ಬವ.”

“ವಯಸ್ಸು?”

“ಮೂವತ್ತೆಂಟು.”

ಸೀತಾ ಪೆನ್ನು ಕೆಳಗಿಟ್ಟರು. “ಅವರಿಗೂ ಬಂದಿರೋಕೆ ಅರ್ಧಕ್ಕರ್ಧ ಸಾಧ್ಯತೆ ಇದೆ. ಈ ವಾರವೇ ಕರ್ಕೊಂಡು ಬನ್ನಿ.”

ಶಾಂತವ್ವ ಡಾಕ್ಟರ ಮಾತನ್ನು ಸುಮ್ಮನೆ ಒಪ್ಪುವವರಲ್ಲ. ಮಾರನೆಯ ಬೆಳಗ್ಗೆ ಲಿಂಗಪೂಜೆ ಮುಗಿಸಿ ಕೆಳಗಿಳಿದು ಬಂದವರು ಒಲೆಯಿಂದ ಒಲೆಗೆ ಹೋಗಿ ಒಬ್ಬೊಬ್ಬರ ಮುಷ್ಟಿ ಹಿಡಿದು ನೋಡಿದರು. ಕೊನೆಯ ಒಲೆ ಹನುಮಕ್ಕನದು. ಮಾನ್ವಿಯಿಂದ ಬಂದ ಹನುಮಕ್ಕ ಇಲ್ಲಿ ಇಪ್ಪತ್ತು ವರ್ಷದಿಂದ ಕೂತವರು. ಅವರ ರೊಟ್ಟಿ ಶಾಂತವ್ವನದಕ್ಕಿಂತ ತೆಳು, ಇದನ್ನು ಶಾಂತವ್ವನ ಮುಂದೆ ಯಾರೂ ಹೇಳುವುದಿಲ್ಲ.

“ಏನ್ ಇವತ್ತ ಎಲ್ಲಾರ ಕೈ ಹಿಡ್ಯಾಕತ್ತಿ? ಲಗ್ನ ಮಾಡಾಕಿ ಏನ?” ಅಂದರು ಹನುಮಕ್ಕ.

“ಸುಮ್ನ ತೋರ್ಸ ಬೇ.”

ಹನುಮಕ್ಕನ ಗೆಣ್ಣುಗಳು ಹೊಳೆಯ ಕಲ್ಲಿನಂತೆ ನುಣುಪಾಗಿದ್ದವು. “ನೀ ಎಷ್ಟ್ ವರ್ಷದಾಕಿ ಇದ್ದಾಗಿಂದ ಬಡಿತಿ?” ಎಂದು ಶಾಂತವ್ವ ಕೇಳಿದರು.

“ಲಂಗ-ಪರಕಾರ ಉಡೂಕಿಂತ ಮೊದ್ಲಿಂದ. ಯಾಕ, ಈಗರ ಹಣ್ಣಾತೇನ ಕೈ? ಇಪ್ಪತ್ತ ವರ್ಷ ಕಾಯಿ, ಕಾಯಿ ಅಂತ ಅನಕೋತ ಬಂದಿ. ಆ ಕಾಯಿ ಬಡದ ರೊಟ್ಟಿನ ನಿನ್ನ ಗಿರಾಕಿ ತಿನ್ನಾಕತ್ತಾರ ನೋಡ.”

ಉಳಿದ ಒಲೆಗಳಿಂದ ನಗು ಎದ್ದಿತು. ಶಾಂತವ್ವ ನಗಲಿಲ್ಲ. ಅವರಿಗೆ ಅವ್ವನ ಕೈ ನೆನಪಾಗಿತ್ತು. ಇಡೀ ಓಣಿಗೆ ರೊಟ್ಟಿ ಕಲಿಸಿದ ಅವ್ವನ ಕೈಯಲ್ಲಿ ಒಂದು ಗಂಟೂ ಇರಲಿಲ್ಲ; ಆಕೆ ಹೊರಗಿನಿಂದ ಬಂದ ಸೊಸೆ, ಈ ಮನೆಯ ಕೈ ಆಕೆಗೆ ಎಲ್ಲಿಂದ ಬರಬೇಕು ಎಂದು ಅಜ್ಜಿ ಅನ್ನುತ್ತಿದ್ದರು. ರೊಟ್ಟಿ ಬಡಿದ ಅವ್ವನಿಗೆ ಇಲ್ಲ, ಬಡಿಯದ ಸೋಮಲಿಂಗಪ್ಪನಿಗೆ ಇತ್ತು. ಅವ್ವ ಎಂಬತ್ತಾರು ಬದುಕಿದರು. ಇಷ್ಟು ವರ್ಷ ಕಣ್ಣ ಮುಂದೆಯೇ ಇದ್ದದ್ದು ಒಂದು ಗಳಿಗೆಯಲ್ಲಿ ಸಾಲಾಗಿ ನಿಂತಿತು. ಗಂಟು ಕೆಲಸದ್ದಲ್ಲ, ರಕ್ತದ್ದು. ಅಂದರೆ ಡಾಕ್ಟರು ಹೇಳಿದ ಉಳಿದದ್ದೂ ಖರೆ. ಅಪ್ಪ ನಲವತ್ತೆರಡು, ತಮ್ಮ ನಲವತ್ತೆರಡು, ಗಿರಿರಾಜ್ ಮೂವತ್ತೆಂಟು.

ಗಿರಿರಾಜ್‌ಗೆ ಹೇಳಿದರೆ ಆತ ನಕ್ಕ. ಮಾವ ಹೋದ ಮೇಲೆ ಟೆಂಪೊ, ಆರ್ಡರು, ಆ್ಯಪು ಎಲ್ಲ ಅವನದೇ. ಸಪೂರ ಆಳು. ನಸುಕಿನಲ್ಲಿ ಎದ್ದು ನಂದಿನಿ ಲೇಔಟ್‌ವರೆಗೆ ಓಡಿ ಬರುತ್ತಾನೆ.

“ಅವ್ವಾ, ನನ್ನ ನೋಡು. ಹೊಟ್ಟೆ ಇದೆಯಾ? ಕುಡಿತೀನಾ, ಸೇದ್ತೀನಾ? ಡಾಕ್ಟರ್‌ಗಳು ಹಂಗೇನೇ. ಸುಟ್ಟ ಕೈ ಕೊಟ್ರೆ ಇಡೀ ವಂಶ ಚೆಕ್ ಮಾಡ್ತಾರೆ.”

“ಒಂದ್ ಸಲ ರಕ್ತ ಕೊಡಪಾ, ಅಷ್ಟ.”

“ಶ್ರಾವಣ ಮುಗೀಲಿ. ಮದುವೆ ಆರ್ಡರ್ ಎಷ್ಟಿದೆ ಗೊತ್ತಲ್ಲ.”

ಶ್ರಾವಣ ಮುಗಿಯಿತು, ದಸರಾ ಮುಗಿಯಿತು. ಅನಘಾ ಗದರಿದಳು, ಎರಡು ದಿನ ಮಾತು ಬಿಟ್ಟಳು. ಆತ ಜಗ್ಗಲಿಲ್ಲ. ಅವನು ಓಡಲು ಶುರು ಮಾಡಿದ್ದು ಸೋಮಲಿಂಗಪ್ಪನ ಹನ್ನೊಂದನೆಯ ದಿನದ ಮಾರನೆಯ ಬೆಳಗ್ಗೆ. ಯಾಕೆ ಎಂದು ಯಾರಿಗೂ ಹೇಳಿರಲಿಲ್ಲ. ಶಾಂತವ್ವನಿಗೆ ಹೇಳಬೇಕಾಗಿಯೂ ಇರಲಿಲ್ಲ. ತನ್ನ ಕೈಯಿಂದಲೇ ಮಾವನನ್ನು ಟೆಂಪೊದಲ್ಲಿ ಮಲಗಿಸಿದವನಿಗೆ ಅನುಮಾನ ಇಲ್ಲ ಎಂದಲ್ಲ. ಅನುಮಾನ ಖಚಿತವಾಗುವುದು ಅವನಿಗೆ ಬೇಡವಾಗಿತ್ತು. ಇದು ಗೊತ್ತಿದ್ದರಿಂದಲೇ ಶಾಂತವ್ವ ಅಳಲಿಲ್ಲ, ಆಣೆ ಹಾಕಲಿಲ್ಲ. ಸೀತಾ ಬರೆದುಕೊಟ್ಟ ಗುಳಿಗೆಯನ್ನು ದಿನವೂ ಮಗನ ಎದುರಿಗೇ ನುಂಗುತ್ತಾ, ಸರಿಯಾದ ಹೊತ್ತಿಗೆ ಕಾದರು.

ಆ ಹೊತ್ತನ್ನು ತಂದವಳು ಮೊಮ್ಮಗಳು ವಚನಾ. ಒಂಬತ್ತು ವರ್ಷದ ಅವಳು ಭಾನುವಾರಗಳಲ್ಲಿ ಅಜ್ಜಿಯ ಪಕ್ಕ ಮಣೆ ಹಾಕಿಕೊಂಡು ಅಂಗೈ ಅಗಲದ ರೊಟ್ಟಿ ಬಡಿಯುತ್ತಾಳೆ. ಬಡಿದಾದ ಮೇಲೆ ಮುಷ್ಟಿ ಕಟ್ಟಿ ತೋರಿಸುವುದು ರೂಢಿ.

“ಅಜ್ಜಿ, ನೋಡು. ಗಂಟು ಬಂತಾ?”

ಮೊದಲಾದರೆ ಶಾಂತವ್ವ ಆ ಪುಟ್ಟ ಗೆಣ್ಣುಗಳನ್ನು ಒತ್ತಿ, “ಬರ್ತಾವ, ಬರ್ತಾವ, ನನ್ನ ಮೊಮ್ಮಗಳು ನೀ” ಅನ್ನುತ್ತಿದ್ದರು. ಬರಲಿ ಎಂದು ಮನಸ್ಸಿನಲ್ಲಿ ಬೇಡಿಕೊಂಡದ್ದೂ ಇತ್ತು. ಈಗ ಆ ಕೈ ಮುಟ್ಟಲು ಅವರಿಗೆ ಧೈರ್ಯ ಸಾಲದೆ ಹೋಯಿತು.

“ನಂಗೆ ಮಾತ್ರ ಬರಲ್ಲ” ಎಂದಳು ವಚನಾ. “ಅಪ್ಪಂಗೆ ಬಂದ್ಬಿಟ್ಟಿದೆ. ಅವ್ರು ರೊಟ್ಟಿನೇ ಬಡಿಯಲ್ಲ. ಮೋಸ ಕಣಜ್ಜಿ ಇದು.”

“ಎಲ್ಲಿ ಬಂದೈತಿ?”

“ಕಾಲಲ್ಲಿ, ಹಿಂದುಗಡೆ. ನಾನು ಮುಟ್ಟಿದೀನಿ, ಗಟ್ಟಿಗಿದೆ. ಶೂ ಕಚ್ಚಿದ್ದು, ಯಾರಿಗೂ ಹೇಳ್ಬೇಡ ಅಂದ್ರು.”

ಶಾಂತವ್ವ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದರು. ಮಗ ಮನೆಯೊಳಗೂ ಸಾಕ್ಸ್ ಹಾಕಿಕೊಂಡೇ ಓಡಾಡುವುದು ಯಾಕೆಂದು ಅವರಿಗೆ ಆಗ ತಿಳಿಯಿತು.

ಆ ವಾರವೇ ಊರಿನಿಂದ ಹೊಸ ಜೋಳ ಬಂದಿತ್ತು. ತೆನೆ ಕಟ್ಟುವಾಗ ಮಳೆ ಬಿದ್ದ ಬೆಳೆ. ಬೀಸಿದ ಹಿಟ್ಟಿಗೆ ಜಿಗಿ ಇರಲಿಲ್ಲ. ಎಷ್ಟು ನಾದಿದರೂ ಅಂಟು ಬರದೆ, ಬಡಿಯುತ್ತಿದ್ದಂತೆ ರೊಟ್ಟಿಯ ಅಂಚು ಬಿರಿಯುತ್ತಿತ್ತು. ಗಿರಿರಾಜ್ ಬಾಗಿಲಲ್ಲಿ ನಿಂತು ಹಿಟ್ಟು ಚಿವುಟಿ ನೋಡಿದ.

“ಇದು ಆಗಲ್ಲ ಅವ್ವಾ. ವಾಪಸ್ ಕಳ್ಸೋಣ.”

“ಯಾರಿಗೆ? ನಿಮ್ಮಪ್ಪಗ?” ಶಾಂತವ್ವ ಮಣೆ ತೋರಿಸಿದರು. “ಕುಂದ್ರು ಇಲ್ಲಿ.”

ಆತ ಕೂತ. ಶಾಂತವ್ವ ಎಸರನ್ನು ಮತ್ತೆ ಒಲೆಗೇರಿಸಿ, ಮಾಮೂಲಿಗಿಂತ ಹೆಚ್ಚು ಹೊತ್ತು ಕುದಿಸಿ, ಹಿಟ್ಟಿನ ಗುಂಡಿಗೆ ಸುರಿದು ಮುಚ್ಚಿಟ್ಟರು. ಆಮೇಲೆ ಅಂಗೈ ಬುಡದಿಂದ ಒತ್ತಿ ಒತ್ತಿ ನಾದಿದರು. ಉಂಡೆ ಕಟ್ಟಿ, ಹಿಟ್ಟು ಉದುರಿಸಿ, ಬಡಿಯತೊಡಗಿದರು. ರೊಟ್ಟಿ ತಿರುಗುತ್ತಾ ಅಗಲವಾಯಿತು, ಬಡಿಯುವ ಹಲಗೆಯ ಅಂಚು ಮುಟ್ಟಿತು. ಎಲ್ಲೂ ಬಿರಿಯಲಿಲ್ಲ. ಒಲೆಗಳ ಮುಂದಿನವರೆಲ್ಲ ಕೈ ನಿಲ್ಲಿಸಿ ನೋಡುತ್ತಿದ್ದರು.

“ಹಿಟ್ಟು ಹೊಲದಿಂದ ಹ್ಯಾಂಗ ಬರ್ತೈತಿ, ಹಂಗ ಬರ್ತೈತಿ. ಅದರ ಮ್ಯಾಲ ಸಿಟ್ಟಾದ್ರ ಏನ್ ಬಂತು? ನೀರು ಜಾಸ್ತಿ ಕಾಸಬೇಕು, ಅಷ್ಟ.” ರೊಟ್ಟಿಯನ್ನು ಹಂಚಿಗೆ ಹಾಕಿ, ಕೈ ಒರೆಸಿಕೊಂಡು ಮಗನ ಕಡೆ ತಿರುಗಿದರು. “ಸಾಕ್ಸ್ ತಗಿ.”

ಗಿರಿರಾಜ್ ಮೇಲೇಳಲು ನೋಡಿದ. “ತಗಿಯಪಾ” ಅಂದರು ಹನುಮಕ್ಕ, “ನಮ್ಮ ಕೈ ಎಲ್ಲಾ ನೋಡ್ಯಾಳ, ನಿನ್ನ ಕಾಲೊಂದು ಉಳಿದೈತಿ.” ಯಾರೋ ನಕ್ಕರು. ಅವನೂ ನಗಲು ನೋಡಿದ, ಆಗಲಿಲ್ಲ. ನಿಧಾನವಾಗಿ ಸಾಕ್ಸ್ ಕೆಳಗೆಳೆದ.

ಶಾಂತವ್ವ ಬಗ್ಗಿ ಮಗನ ಹಿಮ್ಮಡಿಯ ಮೇಲೆ ಹೆಬ್ಬೆರಳು ಆಡಿಸಿದರು. ಹೊಸಬರ ಗೆಣ್ಣು ನೋಡುವಾಗ ಆಡಿಸುತ್ತಿದ್ದ ಹಾಗೆಯೇ.

“ಇದೆ ಅಂತ ಬಂದ್ರೆ?” ಆತ ತಗ್ಗಿದ ದನಿಯಲ್ಲಿ ಕೇಳಿದ.

“ಇದ್ರ ಐತಿ. ನನಗೂ ಐತಿ. ರೊಟ್ಟಿ ಬಡ್ಯಾಕತ್ತೇನಿ ಇಲ್ಲೋ?”

“ಮಾವಂಗೆ...”

“ನಿಮ್ಮ ಮಾವಗ ಯಾರೂ ಹೇಳ್ಲಿಲ್ಲ. ಅವಗ ಸೋಡಾ ಕುಡಿಸಿದ್ವಿ. ನಿನಗ ನಾ ಹೇಳಾಕತ್ತೇನಿ.”

ಹಂಚಿನ ಮೇಲೆ ರೊಟ್ಟಿ ಪೂರಿಯಂತೆ ಉಬ್ಬಿತ್ತು. ಅದನ್ನು ತಿನ್ನಿಸದೆ ಶಾಂತವ್ವ ಮಗನನ್ನು ಕ್ಲಿನಿಕ್ಕಿಗೆ ಕರೆದೊಯ್ದರು. ರಕ್ತ ಖಾಲಿ ಹೊಟ್ಟೆಯಲ್ಲಿ ಕೊಡುವುದೇ ಮೇಲು ಎಂದು ಅವರ ಲೆಕ್ಕ. ಅಷ್ಟೇನೂ ಬೇಕಿರಲಿಲ್ಲ ಎಂದು ಸೀತಾ ಆಮೇಲೆ ನಕ್ಕರು.

ಗಿರಿರಾಜ್‌ನ ಕೊಲೆಸ್ಟ್ರಾಲ್ ತಾಯಿಯದನ್ನೂ ಮೀರಿಸಿತ್ತು. ಸೀತಾ ಆತನನ್ನು ಹೃದಯತಜ್ಞರ ಬಳಿಗೆ ಕಳಿಸಿದರು. ಸ್ಕ್ಯಾನಿನಲ್ಲಿ ಎರಡು ರಕ್ತನಾಳಗಳಲ್ಲಿ ಕೊಬ್ಬಿನ ಪದರ ಕೂತದ್ದು ಕಂಡಿತು. ಒಂದು ನಾಳ ಅರ್ಧದ ಹತ್ತಿರ ಕಿರಿದಾಗಿತ್ತು. ಸ್ಟೆಂಟ್ ಬೇಕಾಗುವ ಹಂತಕ್ಕೆ ಹೋಗಿರಲಿಲ್ಲ. ಜೀನ್ ಪರೀಕ್ಷೆಯಲ್ಲಿ ತಾಯಿಗೂ ಮಗನಿಗೂ ಒಂದೇ ಜಾಗದಲ್ಲಿ ಒಂದೇ ವ್ಯತ್ಯಾಸ ಸಿಕ್ಕಿತು. ಗಿರಿರಾಜ್ ಅದನ್ನು ಕೇಳಿ, “ಹಂಗಾದ್ರೆ ಇಷ್ಟು ವರ್ಷ ಓಡಿದ್ದೆಲ್ಲ ವೇಸ್ಟಾ ಸಾರ್?” ಅಂದ.

“ವೇಸ್ಟ್ ಅಲ್ಲ ಗಿರಿರಾಜ್” ಎಂದರು ತಜ್ಞರು. ಇದೇ ವ್ಯತ್ಯಾಸ ಇದ್ದವರೆಲ್ಲರ ಕಥೆ ಒಂದೇ ಆಗುವುದಿಲ್ಲ. ಬೇರೆ ಸಣ್ಣ ಸಣ್ಣ ಜೀನ್‌ಗಳು, ಬಿಪಿ, ಸಿಗರೇಟು, ದಿನದ ನಡಿಗೆ ಎಲ್ಲ ಸೇರಿ ತೂಕ ಹಾಕುತ್ತವೆ. “ಓಟ ನಿಮ್ಮ ಪರವಾಗಿಯೇ ಕೆಲಸ ಮಾಡಿರುತ್ತೆ. ಆದ್ರೆ ಅದೊಂದೇ ಸಾಲಲ್ಲ. ಮಾತ್ರೆ ಇನ್ಮೇಲೆ ಜೀವನಪೂರ್ತಿ.”

ಶಾಂತವ್ವ ಸೋಮಲಿಂಗಪ್ಪನ ಮಗ ಶಿವಕಿರಣ್‌ಗೆ ಅಂದೇ ಫೋನು ಮಾಡಿ, “ನಾಳೆ ರಕ್ತ ಕೊಡು, ಇಲ್ಲಾಂದ್ರ ರೊಟ್ಟಿ ಬಂದ್” ಅಂದರು. ಆತ ಕೊಟ್ಟ, ಅವನಿಗೂ ಇತ್ತು, ಮಾತ್ರೆ ಶುರುವಾಯಿತು. ಕೊನೆಗೆ ಉಳಿದವಳು ವಚನಾ. ಅವಳ ವರದಿ ಬರುವವರೆಗೆ ಶಾಂತವ್ವ ಅವಳನ್ನು ಮಣೆಯ ಮೇಲೆ ಕೂರಿಸಲಿಲ್ಲ.

ಅವಳಿಗೆ ಇರಲಿಲ್ಲ. ಕೊಲೆಸ್ಟ್ರಾಲ್ ಮಾಮೂಲು, ಆ ವ್ಯತ್ಯಾಸವೂ ಅವಳಿಗೆ ಇಳಿದಿರಲಿಲ್ಲ. ಅನಘಾ ಕ್ಲಿನಿಕ್ಕಿನ ಮೆಟ್ಟಿಲ ಮೇಲೆ ಕೂತು ಅತ್ತು ಹಗುರಾದಳು. ವಚನಾ ಅತ್ತದ್ದು ಬೇರೆ ಕಾರಣಕ್ಕೆ.

“ಅಂದ್ರೆ ನಂಗೆ ಗಂಟು ಬರೋದೇ ಇಲ್ವಾ? ಯಾವತ್ತೂ?”

“ಇಲ್ಲ, ನನ್ನ ಬಂಗಾರ” ಅಂದರು ಶಾಂತವ್ವ. ಅವರು ಅಷ್ಟು ಜೋರಾಗಿ ನಕ್ಕದ್ದನ್ನು ಆ ರಸ್ತೆ ಬಹಳ ದಿನದಿಂದ ಕೇಳಿರಲಿಲ್ಲ.

ಈಗ ಗಿರಿರಾಜ್‌ಗೆ ನಲವತ್ತು. ಕೊಲೆಸ್ಟ್ರಾಲ್ ನೂರರ ಕೆಳಗೆ ಇಳಿದಿದೆ, ತಜ್ಞರು ಇನ್ನೂ ಇಳಿಸಬೇಕು ಅನ್ನುತ್ತಾರೆ. ನಾಳ ಇನ್ನಷ್ಟು ಕಿರಿದಾಗಿಲ್ಲ. ಓಟ ಬಿಟ್ಟಿಲ್ಲ, ಆದರೆ ಯಾರೋ ಅಟ್ಟಿಸಿಕೊಂಡು ಬಂದವರಂತೆ ಓಡುವುದಿಲ್ಲ. ರೊಟ್ಟಿಮನೆಯಲ್ಲಿ ಬರಿಗಾಲಲ್ಲಿ ಓಡಾಡುತ್ತಾನೆ. ತಾಯಿ ಮಗ ಇಬ್ಬರೂ ಊಟವಾದ ಮೇಲೆ ಎದುರುಬದುರು ಕೂತು ಗುಳಿಗೆ ನುಂಗುತ್ತಾರೆ. ಮರೆತವರು ಮಾರನೆಯ ದಿನ ಪಾತ್ರೆ ತೊಳೆಯಬೇಕು.

ಹೊಸಬರು ಬಂದರೆ ಶಾಂತವ್ವ ಇಂದಿಗೂ ಮುಷ್ಟಿ ನೋಡುತ್ತಾರೆ. ಗಂಟು ಇಲ್ಲದಿದ್ದರೆ, “ಕೈ ಚಲೋ ಐತಿ, ಬಾ” ಅನ್ನುತ್ತಾರೆ. ಇದ್ದರೆ ಒಲೆಗಿಂತ ಮೊದಲು ಸೀತಾ ಅವರ ಕ್ಲಿನಿಕ್ಕಿಗೆ ಕಳಿಸುತ್ತಾರೆ.

ಭಾನುವಾರಗಳಲ್ಲಿ ವಚನಾಳ ಮಣೆ ಹನುಮಕ್ಕನ ಪಕ್ಕಕ್ಕೆ ಹೋಗಿದೆ. ಹಾಗೆ ಇಟ್ಟವರು ಶಾಂತವ್ವನೇ. “ನನ್ನ ಕೈ ನೋಡಿ ಕಲಿಬ್ಯಾಡ. ಆಕಿ ಕೈ ನೋಡು, ಹಣ್ಣಾದ ಕೈ ಅಂದ್ರ ಅದು” ಎಂದು ಅವರು ಎಲ್ಲರ ಎದುರೇ ಹೇಳಿದರು.

“ಇಪ್ಪತ್ತ್ ವರ್ಷಕ್ಕ ಒಂದ್ ಖರೆ ಮಾತು ಆಡಿದಿ” ಎಂದರು ಹನುಮಕ್ಕ, ಹಿಟ್ಟಿನ ಕೈಯಲ್ಲೇ ಮೂಗು ಒರೆಸಿಕೊಂಡು. “ಏ ಹುಡುಗಿ, ಬೆರಳಿಂದ ಬಡಿಬ್ಯಾಡ, ಅಂಗೈಲೇ ಬಡಿ. ಹಾಂ, ಹಂಗ. ತಿರುಗಲಿ ಅದು.”